ಚಳಿಗಾಲದಲ್ಲಿ ಅಬ್ಬಿ ನೀರು ಕೈಕೊಟ್ಟರೆ: ಬಚ್ಚಲಿಂದ ಗುಡ್ಡದ ತನಕ ಎಲ್ಲೆಲ್ಲಿ ನೋಡಬೇಕು

ಕೆನಡಾದಲ್ಲಿರುವ ಅಕ್ಕನ ಮಗ ಪ್ರತಿ ಡಿಸೆಂಬರಿನಲ್ಲೂ ಫೋನ್ ಮಾಡಿ ಕೇಳುತ್ತಾನೆ: "ಮಾವ, ನಿಮ್ಮಲ್ಲಿ ಪೈಪು ಹೆಪ್ಪುಗಟ್ಟಲ್ವಾ?" ಇಲ್ಲ ಮಾರಾಯ. ನೀರು ಗಡ್ಡೆ ಕಟ್ಟಬೇಕಾದರೆ ಸೊನ್ನೆ ಡಿಗ್ರಿಗೆ ಇಳಿಯಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೇ ಹಲ್ಲು ಕಟಕಟ ಅಂದರೂ ಅಲ್ಲಿಗೆ ಹೋಗುವುದಿಲ್ಲ. ಅವನ ಊರಿನಲ್ಲಿ ನೀರು ಗಡ್ಡೆಯಾಗುವಾಗ ಶೇಕಡಾ 9ರಷ್ಟು ಉಬ್ಬಿ ಪೈಪು ಸೀಳುತ್ತದೆ. ನಮ್ಮಲ್ಲಿ ಆಗುವುದು ತಿರುವುಮುರುವು. ಚಳಿಗೆ ಪೈಪೇ ಕುಗ್ಗಿ ಜಾಯಿಂಟಿನಿಂದ ಹೊರಗೆ ಬರುತ್ತದೆ. ಜೊತೆಗೆ ಒರತೆ ಇಳಿಯುತ್ತದೆ, ಗಾಳಿ ಕಟ್ಟುತ್ತದೆ, ದರಕು (ಉದುರಿದ ಒಣ ಎಲೆ) ಸೇರಿಕೊಳ್ಳುತ್ತದೆ. ಬೆಳಗ್ಗೆ ಆರಕ್ಕೆ ಮುಖ ತೊಳೆಯಲು ನಿಂತವನಿಗೆ ಮಾತ್ರ ಎರಡೂ ಒಂದೇ. ನೀರಿಲ್ಲ.

ಗುಡ್ಡದ ಒರತೆಯಿಂದ ಪೈಪು ಎಳೆದು, ಮೋಟರಿಲ್ಲದೆ ಇಳಿಜಾರಿನಲ್ಲೇ ಮನೆಗೆ ತರುವ ನೀರೇ ಅಬ್ಬಿ ನೀರು. ಅದನ್ನು ನಂಬಿದವರಿಗಾಗಿ ಇದನ್ನು ಬರೆದಿದ್ದೇನೆ. ನಮ್ಮ ಅಜ್ಜನ ಕಾಲದಲ್ಲಿ ಅಡಕೆ ದಂಬೆ (ಅಡಕೆ ಮರ ಸೀಳಿ ಮಾಡಿದ ತೆರೆದ ಕಾಲುವೆ) ಇತ್ತು. ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು. ಈಗ ಮುಕ್ಕಾಲು ಇಂಚಿನ ಕರಿ ಪೈಪು, ನೂರು ಮೀಟರಿನ ಆರು ರೋಲು, ಒರತೆಯಿಂದ ಟ್ಯಾಂಕಿಗೆ ಸುಮಾರು 25 ಮೀಟರ್ ಇಳಿತ. ಒಳಗೆ ಏನಾಗಿದೆ ಅಂತ ಹೊರಗೆ ಕಾಣುವುದಿಲ್ಲ.

ತುಂಬಾ ವರ್ಷ ನಾನು ಮಾಡುತ್ತಿದ್ದ ತಪ್ಪು ಒಂದೇ. ನೀರು ನಿಂತಿತು ಅಂದರೆ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಗುಡ್ಡ ಹತ್ತುವುದು. ಎರಡು ಗಂಟೆ ಉಂಬಳ, ಮುಳ್ಳು ಎಲ್ಲಾ ಮುಗಿಸಿ ಬಂದರೆ ದೋಷ ಟ್ಯಾಂಕಿನ ಬಾಯಲ್ಲೇ ಇರುತ್ತಿತ್ತು. ಅದಕ್ಕೇ ಇಲ್ಲಿ ಮನೆಯಿಂದ ಶುರು ಮಾಡಿ ಮೇಲಕ್ಕೆ ಹೋಗೋಣ.

ಎಲ್ಲಕ್ಕೂ ಮೊದಲು: ಒಂದು ಬಕೆಟ್ ಲೆಕ್ಕ

ನಮ್ಮ ಬಚ್ಚಲ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿದೆ: "ನವೆಂಬರ್ 10 – 36". ಅಂದರೆ ಆ ದಿನ ಟ್ಯಾಂಕಿಗೆ ಬೀಳುವ ನೀರಿಗೆ 10 ಲೀಟರಿನ ಬಕೆಟ್ ಹಿಡಿದಾಗ ತುಂಬಲು 36 ಸೆಕೆಂಡ್ ಬೇಕಾಯಿತು. ಗಂಟೆಗೆ ಸಾವಿರ ಲೀಟರ್. ಲೈನು ಆರೋಗ್ಯವಾಗಿದ್ದಾಗಿನ ಈ ಅಂಕಿ ಗೊತ್ತಿಲ್ಲದಿದ್ದರೆ ಆಮೇಲೆ "ಕಮ್ಮಿಯಾಗಿದೆ ಅನ್ಸುತ್ತೆ" ಅನ್ನುವುದೇ ಉಳಿಯುವುದು. ಎಷ್ಟು ಕಮ್ಮಿ, ಯಾವತ್ತಿಂದ ಕಮ್ಮಿ ಅಂತ ಗೊತ್ತಾದರೆ ಅರ್ಧ ದೋಷ ಸಿಕ್ಕ ಹಾಗೆ. ಒಮ್ಮೆಲೇ ನಿಂತರೆ ಒಂದು ಕಾರಣ, ದಿನಾ ಎರಡು ಸೆಕೆಂಡು ಜಾಸ್ತಿಯಾಗುತ್ತಾ ಹೋದರೆ ಬೇರೆಯದೇ ಕಾರಣ.

ನಲ್ಲಿಯಲ್ಲಿ ನೀರಿಲ್ಲ, ಬಚ್ಚಲ ಒಲೆ ಉರಿಯುತ್ತಿದೆ

ಇದನ್ನು ನೋಡದೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಬಾಯಿ ತೆರೆದ ತಾಮ್ರದ ಹಂಡೆಯಾದರೆ ನೀರು ಬತ್ತಿ ತಳ ಸುಟ್ಟೀತು, ಅಷ್ಟೇ. ಆದರೆ ಮುಚ್ಚಿದ ಬಾಯ್ಲರು, ಒಲೆಯೊಳಗೆ ಸುರುಳಿ ಸುತ್ತಿದ ತಾಮ್ರದ ಪೈಪು ಇದ್ದರೆ ಅಪಾಯ. ಮೇಲಿಂದ ತಣ್ಣೀರು ಬರುವುದು ನಿಂತಿರುತ್ತದೆ, ಒಳಗಿದ್ದದ್ದು ಆವಿಯಾಗುತ್ತಿರುತ್ತದೆ. ಕಾದು ಕೆಂಪಾದ ಲೋಹಕ್ಕೆ ಮತ್ತೆ ನೀರು ಬಿತ್ತೋ, ಒಂದೇ ಸಲ ಆವಿ ಎದ್ದು ಬಾಯ್ಲರು ಸಿಡಿಯಬಹುದು.

ಕೊಳ್ಳಿ ಹೊರಗೆಳೆಯಿರಿ. ಬಾಯ್ಲರಿಗೆ ನೀರು ಎರಚಬೇಡಿ. ಪೂರ್ತಿ ತಣ್ಣಗಾಗುವ ತನಕ ಲೈನು ರಿಪೇರಿ ಮಾಡಿ ನೀರು ಬಿಡಬೇಡಿ. ಆವಿ ಹೋಗುವ ಮೇಲಿನ ಪೈಪಿಗೆ ಹನಿ ಬೀಳುತ್ತದೆ ಅಂತ ಬಟ್ಟೆ ತುರುಕಿದವರನ್ನು ನೋಡಿದ್ದೇನೆ. ಅದು ಯಾವತ್ತೂ ತೆರೆದೇ ಇರಬೇಕು. ಒಳಗಿಂದ ಗುಡುಗುಡು, ಟಕ್ ಟಕ್ ಶಬ್ದ ಬರುತ್ತಿದ್ದರೆ ಬಚ್ಚಲಿಂದ ಎಲ್ಲರನ್ನೂ ಹೊರಗೆ ಕರೆಯಿರಿ.

ಒಂದು ನಲ್ಲಿಯಲ್ಲಿ ಮಾತ್ರ ಸಣ್ಣಗೆ ಬರುತ್ತಿದೆ

ಲೈನಿನದಲ್ಲ, ನಲ್ಲಿಯ ದೋಷ. ಬಾಯಲ್ಲಿರುವ ಜಾಲರಿ ತಿರುಗಿಸಿ ಬಿಚ್ಚಿ, ಹಳೇ ಬ್ರಷ್ಷಿನಲ್ಲಿ ಉಜ್ಜಿ ಹಾಕಿ. ಮರಳು, ಕೆಂಪು ಲೋಳೆ ಸಿಗುತ್ತದೆ. ಐದು ನಿಮಿಷದ ಕೆಲಸ.

ಟ್ಯಾಂಕು ತುಂಬಿದೆ, ಮನೆಯೊಳಗೆ ಎಲ್ಲೂ ಬರುತ್ತಿಲ್ಲ

ಟ್ಯಾಂಕಿನಿಂದ ಹೊರಡುವ ವಾಲ್ವ್ ಯಾರಾದರೂ ತಿರುಗಿಸಿದ್ದಾರಾ ನೋಡಿ. ನಗಬೇಡಿ, ಮೊಮ್ಮಕ್ಕಳು ಬಂದು ಹೋದ ಮರುದಿನ ಇದೇ ಆಗುವುದು. ವಾಲ್ವ್ ಸರಿ ಇದ್ದರೆ ಟ್ಯಾಂಕಿನೊಳಗೆ ಕೈಹಾಕಿ ಪೈಪಿನ ಬಾಯಿ ತಡವಿ. ಎಲೆಯೋ ಕಪ್ಪೆಯೋ ಕೂತಿರುತ್ತದೆ. ಟ್ಯಾಂಕು ಒಮ್ಮೆ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ್ದರೆ ಮನೆಯ ಪೈಪಿನಲ್ಲಿ ಗಾಳಿ ಕಟ್ಟಿರಬಹುದು. ಎಲ್ಲಕ್ಕಿಂತ ತಗ್ಗಿನ ನಲ್ಲಿ, ನಮ್ಮಲ್ಲಾದರೆ ಕೊಟ್ಟಿಗೆಯದು, ಪೂರ್ತಿ ತೆರೆದಿಡಿ. ಅಂಗೈಯಲ್ಲಿ ಒತ್ತಿ ಹಿಡಿದು ಬಿಡಿ, ಮತ್ತೆ ಒತ್ತಿ ಬಿಡಿ. ಹತ್ತು ಸಲ ಮಾಡುವಷ್ಟರಲ್ಲಿ ಕೆಮ್ಮಿ ಕೆಮ್ಮಿ ಬರಲು ಶುರುವಾಗುತ್ತದೆ.

ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ

ಚಳಿಗಾಲದಲ್ಲಿ ಗೀಸರ್ ಜಾಸ್ತಿ ಬಳಸುವ ಮನೆಗಳಲ್ಲಿ ಇದು ಕಾಣುತ್ತದೆ. ಇನ್ನೊಮ್ಮೆ ಮುಟ್ಟಿ ಪರೀಕ್ಷೆ ಮಾಡಬೇಡಿ. ಒದ್ದೆ ಕೈ ಕಾಲಿನಲ್ಲಿ ಸ್ವಿಚ್ಚಿನ ಹತ್ತಿರವೂ ಹೋಗಬೇಡಿ. ಒಣಗಿದ ಕಾಲಿಗೆ ಚಪ್ಪಲಿ ಹಾಕಿಕೊಂಡು ಮೇನ್ ಸ್ವಿಚ್ ಇಳಿಸಿ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವ ತನಕ ಬಚ್ಚಲು ಬಳಸಬೇಡಿ. ಇಲ್ಲಿ ನಮ್ಮ ಕೈಚಳಕ ಬೇಡ.

ಟ್ಯಾಂಕು ಖಾಲಿ, ಒಳಬರುವ ಪೈಪಿನಲ್ಲೂ ನೀರಿಲ್ಲ

ಗುಡ್ಡದ ಕಡೆ ಮುಖ ಮಾಡುವ ಮೊದಲು ಇನ್ನೊಂದು ಕೆಲಸ ಬಾಕಿಯಿದೆ. ಟ್ಯಾಂಕಿನಲ್ಲಿ ಚೆಂಡಿನ ವಾಲ್ವ್ ಇದ್ದರೆ ಅದರ ಕಡ್ಡಿಯನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ. ಸಿಕ್ಕಿಹಾಕಿಕೊಂಡಿರುತ್ತದೆ, ಇಲ್ಲವೇ ಅದರ ಸಣ್ಣ ತೂತಿನಲ್ಲಿ ಒಂದು ಕಲ್ಲು ಕೂತಿರುತ್ತದೆ. ಅಲುಗಾಡಿಸಿದರೂ ಬರಲಿಲ್ಲವಾ? ವಾಲ್ವಿನ ಹಿಂದಿನ ಜಾಯಿಂಟ್ ಬಿಚ್ಚಿ. ಅಲ್ಲಿ ನೀರು ಚಿಮ್ಮಿದರೆ ವಾಲ್ವ್ ಬದಲಾಯಿಸಿದರಾಯಿತು. ಬಿಚ್ಚುವಾಗ ಮುಖ ಪಕ್ಕಕ್ಕಿರಲಿ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ ಅಂತ ಲೆಕ್ಕ, 25 ಮೀಟರ್ ಇಳಿತದ ಲೈನಿನಲ್ಲಿ ಎರಡೂವರೆ ಕೆಜಿ. ಕಣ್ಣಿಗೆ ಬಡಿದರೆ ತಮಾಷೆಯಲ್ಲ.

ಇಲ್ಲೂ ಒಣಗಿದ್ದರೆ ಮಾತ್ರ ಗುಡ್ಡ.

ಗುಡ್ಡಕ್ಕೆ ಹೊರಡುವ ಮೊದಲು

ಚಳಿಗಾಲ ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಉಣಗಿನ (ಉಣ್ಣೆ ಹುಳದ) ಕಾಲ. ಉಣಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆ ನಿಂತ ಮೇಲಿಂದ ಮೇ ತನಕ ಅದರ ಭಯ ಇದ್ದೇ ಇರುತ್ತದೆ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ದರಕಿನ ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಹಾದಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ. ಗುಡ್ಡಕ್ಕೆ ಹೋಗಿ ಬಂದ ಒಂದು ವಾರ, ಹತ್ತು ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ "ಚಳಿಗೆ ಇರಬೇಕು" ಅಂತ ಕಷಾಯ ಕುಡಿದು ಮಲಗಬೇಡಿ. ಡಾಕ್ಟರ ಹತ್ತಿರ ಕಾಡಿಗೆ ಹೋಗಿದ್ದ ವಿಷಯ ಹೇಳಿ.

ಮಂಜು ಕರಗಿದ ಮೇಲೆ ಹೊರಡಿ, ಕಾಟಿ (ಕಾಡುಕೋಣ) ಎದುರಾದರೆ ದೂರದಿಂದಲೇ ಕಾಣಬೇಕು. ಒಬ್ಬರೇ ಹೋಗಬೇಡಿ. ತೋಟದ ಅಂಚಿನಲ್ಲಿ ಯಾರೋ ಹಂದಿಗೆ ಅಂತ ಎಳೆದ ತಂತಿ ಕಂಡರೆ, ಅದರಲ್ಲಿ ಕರೆಂಟು ಇದೆ ಅಂತಲೇ ತಿಳಿದು ಹಿಂದಕ್ಕೆ ಬಂದು ಕರೆಂಟು ಕಂಪನಿ ಮೆಸ್ಕಾಂಗೆ ಫೋನ್ ಮಾಡಿ. ಲೈನು ಕಾಡಿನ ಜಾಗದಲ್ಲಿದ್ದರೆ, ಅಗೆಯುವ ಕೆಲಸ ಬಂದಾಗ ಅರಣ್ಯ ಇಲಾಖೆಯವರನ್ನು ಕೇಳಿಯೇ ಹಾರೆ ಹಾಕಿ.

ರಾತ್ರಿ ಚೆನ್ನಾಗಿತ್ತು, ಬೆಳಗ್ಗೆ ಒಂದು ಹನಿಯೂ ಇಲ್ಲ

ಚಳಿ ಪೈಪನ್ನು ಎಳೆಯುತ್ತದೆ ಅಂದೆನಲ್ಲ, ಅದರ ಗುರುತು ಇದೇ. ಕರಿ ಪೈಪು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ನೂರು ಮೀಟರಿನ ಒಂದು ರೋಲು 20 ಡಿಗ್ರಿ ತಣ್ಣಗಾದರೆ ಒಂದಡಿಗೆ ಕಡಿಮೆಯಿಲ್ಲದಂತೆ ಗಿಡ್ಡವಾಗುತ್ತದೆ. ಮಧ್ಯಾಹ್ನ ಬಿಸಿಲಿನಲ್ಲಿ ಬಿಗಿಯಾಗಿ ಎಳೆದು ಜಾಯಿಂಟ್ ಹಾಕಿದ ಪೈಪು ಬೆಳಗಿನ ಜಾವಕ್ಕೆ ಆ ಒಂದಡಿಯನ್ನು ಎಲ್ಲಿಂದ ತರಬೇಕು? ಜಾಯಿಂಟಿನಿಂದ ಹೊರಗೆ ಎಳೆದುಕೊಳ್ಳುತ್ತದೆ.

ಇದು ನನಗೆ ತಲೆಗೆ ಹೋಗಿದ್ದು ಒಂದು ಜನವರಿಯಲ್ಲಿ. ಮೂರು ವಾರದಲ್ಲಿ ನಾಲ್ಕು ಸಲ ಅದೇ ಜಾಯಿಂಟ್ ಬಿಟ್ಟಿತ್ತು. ಮಂಗನ ಕಿತಾಪತಿ ಅಂತ ಬೈದುಕೊಂಡೇ ಹೋದೆ. ಸುತ್ತ ಹುಲ್ಲೆಲ್ಲಾ ಇಬ್ಬನಿಗೆ ಬೆಳ್ಳಗಿತ್ತು, ಒಂದು ಕಡೆ ಮಾತ್ರ ಕಪ್ಪಗೆ ತೊಯ್ದು ಮಲಗಿತ್ತು. ಪೈಪಿನ ತುದಿ ಜಾಯಿಂಟಿನಿಂದ ಒಂದು ಗೇಣು ದೂರದಲ್ಲಿತ್ತು. ಹಲ್ಲಿನ ಗುರುತಿಲ್ಲ. ಕ್ಲಾಂಪ್ ಹಾಗೇ ಬಿಗಿಯಾಗಿ ಜಾಯಿಂಟಿನ ಮೇಲಿದೆ. ಪೈಪಿನ ಮೈಮೇಲೆ ಅದು ಕಚ್ಚಿದ್ದ ಉಂಗುರ, ಅಲ್ಲಿಂದ ತುದಿಯವರೆಗೆ ಜಾರಿಕೊಂಡು ಬಂದ ಹೊಳೆಯುವ ಗೀರು. ಪೈಪಿನ ಬಾಯಲ್ಲಿ ಒಂದು ಏಡಿ ಆರಾಮಾಗಿ ಕೂತಿತ್ತು. ಜೊತೆಗೆ ಬಂದಿದ್ದ ಭಾವ ಎರಡು ತುದಿಯನ್ನೂ ಹಿಡಿದು ಎಳೆದರು, ಕೂಡಲಿಲ್ಲ. "ಇದು ಮಂಗ ಮಾಡಿದ್ದಲ್ಲ ಮಾರಾಯ, ಪೈಪೇ ಗಿಡ್ಡ ಆಗಿದೆ" ಅಂದರು. ನಾನು ನಂಬಲಿಲ್ಲ. ಅವತ್ತು ಹಾಗೇ ಬಿಟ್ಟು ಮಧ್ಯಾಹ್ನ ಎರಡಕ್ಕೆ ಹೋದರೆ, ಅದೇ ತುದಿಗಳು ಸಲೀಸಾಗಿ ಕೂಡಿದವು.

ಎಲ್ಲಿ ಬಿಟ್ಟಿದೆ ಅಂತ ಹುಡುಕಲು ಇಡೀ ಲೈನು ನಡೆಯಬೇಕಿಲ್ಲ. ನೇರ ಮಧ್ಯದ ಜಾಯಿಂಟಿಗೆ ಹೋಗಿ ಬಿಚ್ಚಿ. ಅಲ್ಲಿ ನೀರಿದ್ದರೆ ದೋಷ ಕೆಳಗಿನ ಅರ್ಧದಲ್ಲಿ, ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿ. ಮತ್ತೆ ಆ ಅರ್ಧದ ಮಧ್ಯ. ಆರು ರೋಲಿನ ಲೈನಿಗೆ ಎರಡು ಮೂರು ಸಲ ಬಿಚ್ಚಿದರೆ ಸಿಕ್ಕಿತು.

ಜೋಡಿಸುವಾಗ: ತುದಿಯನ್ನು ನೇರವಾಗಿ ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಜಾಯಿಂಟಿಗೆ ಪೂರ್ತಿ ತಳ್ಳಿ. ನಾನು ಕಾಫಿ ಫ್ಲಾಸ್ಕಿನಲ್ಲಿ ಕುದಿಯುವ ನೀರು ಒಯ್ಯುತ್ತೇನೆ, ಮನೆಯಲ್ಲಿ ಬೈಸಿಕೊಂಡರೂ ಸರಿ. ಲೈಟರಿನಲ್ಲಿ ಸುಡಬೇಡಿ. ಪೈಪು ಒಂದು ಕಡೆ ತೆಳ್ಳಗಾಗಿ ಮುಂದೆ ಅಲ್ಲೇ ಸೀಳುತ್ತದೆ. ಪ್ರತಿ ತುದಿಗೆ ಎರಡು ಕ್ಲಾಂಪ್. ಆಮೇಲೆ ಜಾಯಿಂಟಿನ ಎರಡೂ ಬದಿಯ ಪೈಪನ್ನು ನೈಲಾನ್ ಹಗ್ಗದಿಂದ ಒಂದಕ್ಕೊಂದು ಬಿಗಿದು ಕಟ್ಟಿ, ಎಳೆತ ಹಗ್ಗಕ್ಕೆ ಹೋಗಲಿ. ಈ ಕೆಲಸ ಬೆಳಗಿನ ತಂಪಿನಲ್ಲೇ ಮಾಡುವುದು ಒಳ್ಳೆಯದು. ಆಗ ಪೈಪು ಹೆಚ್ಚುಕಡಿಮೆ ಅತಿ ಗಿಡ್ಡವಾಗಿರುತ್ತದೆ, ಅದಕ್ಕಿಂತ ಎಳೆಯಲು ಅದಕ್ಕೆ ಜಾಗವಿಲ್ಲ. ತುದಿ ಕೂಡದಿದ್ದರೆ ಎರಡಡಿಯ ತುಂಡು ಸೇರಿಸಿ. ಉದ್ದಕ್ಕೂ ಹಾವು ಹರಿದ ಹಾಗೆ ಸಡಿಲ ಬಿಡಿ, ಬಿಸಿಲು ಬೀಳುವ ಕಡೆ ಒಂದೂವರೆ ಅಡಿ ಹೂಳಿ ಅಥವಾ ಸೊಪ್ಪು ಮುಚ್ಚಿ.

ಚೆಂಡಿನ ವಾಲ್ವ್ ಇರುವ ಲೈನಿಗೇ ಈ ತೊಂದರೆ ಜಾಸ್ತಿ. ಟ್ಯಾಂಕು ತುಂಬಿದ ಮೇಲೆ ನೀರು ಪೈಪಿನಲ್ಲೇ ನಿಂತು ಹಗಲು ಕಾಯುತ್ತದೆ, ರಾತ್ರಿ ಆರುತ್ತದೆ. ಸದಾ ಹರಿಯುವ ಲೈನು ಮಾತ್ರ ಒರತೆಯ ನೀರಿನ ಬಿಸಿಯಲ್ಲೇ ಇರುತ್ತದೆ. ಅಕ್ಕನ ಮಗನ ಊರಿನಲ್ಲಿ ವಿಪರೀತ ಚಳಿಯ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕುವಂತೆ ಬಿಟ್ಟು ಮಲಗುತ್ತಾರಂತೆ. ನಾನು ವಾಲ್ವ್ ತೆಗೆದು, ತುಂಬಿ ಹೆಚ್ಚಾದ ನೀರನ್ನು ಅಡಕೆ ತೋಟಕ್ಕೆ ಬಿಟ್ಟೆ. ಆಮೇಲೆ ಆ ಜಾಯಿಂಟ್ ಒಮ್ಮೆಯೂ ಬಿಟ್ಟಿಲ್ಲ.

ಪೈಪಿನ ಮೇಲೆ ಜೋಡಿ ಹಲ್ಲಿನ ಆಳವಾದ ಗೀರು ಇದ್ದರೆ ಮುಳ್ಳುಹಂದಿ. ಆ ಜಾಗ ಹೂಳುವುದೇ ಮದ್ದು. ಉದ್ದಕ್ಕೆ ಸೀಳಿದ್ದರೆ, ಅದೂ ಯಾವಾಗಲೂ ತಗ್ಗಿನಲ್ಲೇ ಆದರೆ, ಒತ್ತಡ ಜಾಸ್ತಿಯಾಗಿದೆ. ನಾಲ್ಕು ಕೆಜಿ ಒತ್ತಡ ತಡೆಯುವ ಪೈಪಿಗೆ 40 ಮೀಟರಿಗಿಂತ ಹೆಚ್ಚು ಇಳಿತ ಕೊಟ್ಟರೆ ವಾಲ್ವ್ ಮುಚ್ಚಿದಾಗ ತಡೆಯುವುದಿಲ್ಲ. ನಡುವೆ ಒಂದು ತೊಟ್ಟಿ ಕಟ್ಟಿ ಒತ್ತಡ ಮುರಿಯಬೇಕು, ಇಲ್ಲವೇ ತಗ್ಗಿಗೆ ಆರು ಕೆಜಿ ಪೈಪು ಹಾಕಬೇಕು. ಇದಕ್ಕೆ ಪ್ಲಂಬರನ್ನೇ ಕರೆಯಿರಿ.

ಬುಸ್ ಬುಸ್ ಅಂತ ಉಗುಳಿ ಉಗುಳಿ ಬರುತ್ತಿದೆ

ಗಾಳಿ. ಮಳೆಗಾಲದಲ್ಲಿ ಪೈಪಿನ ಬಾಯಿ ನೀರಿನಲ್ಲಿ ಮುಳುಗಿರುತ್ತದೆ. ಡಿಸೆಂಬರಿಗೆ ಒರತೆಯ ಗುಂಡಿ ಇಳಿದು ಬಾಯಿ ಅರ್ಧ ಮೇಲೆ ಬರುತ್ತದೆ. ಹತ್ತಿರ ಕೂತು ನೋಡಿದರೆ ಸಣ್ಣ ಸುಳಿ ಕಾಣುತ್ತದೆ, ಸೊರ್ ಸೊರ್ ಅಂತ ಕಾಫಿ ಹೀರುವ ಸದ್ದು. ಬಾಯಿಯನ್ನು ನೀರಿನ ಮಟ್ಟಕ್ಕಿಂತ ಒಂದು ಗೇಣಾದರೂ ಕೆಳಗೆ ಇಳಿಸಿ, ಕಲ್ಲು ಕಟ್ಟಿ.

ಒಳಗೆ ಹೋದ ಗಾಳಿ ದಿಣ್ಣೆ ಹತ್ತಿ ಇಳಿಯುವ ಕಡೆ ಪೈಪಿನ ನೆತ್ತಿಯಲ್ಲಿ ಕೂರುತ್ತದೆ. ಐದಡಿಯ ನಾಲ್ಕು ದಿಣ್ಣೆ ಇದ್ದರೆ ಎಲ್ಲಾ ಸೇರಿ 20 ಅಡಿಯಷ್ಟು ಇಳಿತವನ್ನೇ ನುಂಗಬಹುದು. ಇಳಿತ ಕಡಿಮೆಯಿರುವ ಲೈನು ಇದರಿಂದಲೇ ಪೂರ್ತಿ ನಿಲ್ಲುತ್ತದೆ. ಎಲ್ಲೂ ಸೋರಿಕೆ ಇಲ್ಲ, ಒರತೆ ತುಂಬಿದೆ, ನೀರು ಮಾತ್ರ ಇಲ್ಲ.

ಬಿಡಿಸುವುದು ಹೇಗೆ? ಮೇಲಿನ ದಿಣ್ಣೆಯಿಂದ ಶುರು ಮಾಡಿ ಒಂದೊಂದೇ ನೆತ್ತಿಯ ಜಾಯಿಂಟ್ ಸಡಿಲಿಸಿ. ಹಿಸ್ ಅಂತ ಗಾಳಿ ಹೋಗಿ, ನೊರೆ ಬಂದು, ಆಮೇಲೆ ಗಟ್ಟಿ ನೀರು ಬಂದಾಗ ಬಿಗಿಯಿರಿ. ಊರಲ್ಲಿ ಕೆಲವರು ಮೊಳೆಯಿಂದ ತೂತು ಹಾಕಿ ಬಿದಿರಿನ ಬೆಣೆ ಹೊಡೆಯುತ್ತಾರೆ. ತುರ್ತಿಗೆ ಸರಿ. ಆದರೆ ಪೈಪಿನೊಳಗೆ ಒತ್ತಡ ಕಡಿಮೆಯಿರುವ ಎತ್ತರದ ನೆತ್ತಿಯಲ್ಲಿ ಅದೇ ತೂತು ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಅಲ್ಲಿ ಒಂದು ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ ಸಣ್ಣ ವಾಲ್ವ್ ಇಟ್ಟರೆ ಪ್ರತಿ ವರ್ಷದ ರಗಳೆ ತಪ್ಪುತ್ತದೆ. ಕೆಳಗಿನ ತುದಿಗೆ ಬಾಯಿ ಹಚ್ಚಿ ಹೀರುವ ಅಭ್ಯಾಸ ಇದ್ದರೆ ಬಿಡಿ. ಕಾಡಿನ ನೀರಿನಲ್ಲಿ ಇಲಿ ಜ್ವರದ ರೋಗಾಣು ಇರಬಹುದು, ಹುಳವಂತೂ ಇದ್ದೇ ಇರುತ್ತದೆ. ಬಾವಿ ಮೋಟರಿದ್ದರೆ ಕೆಳಗಿನಿಂದ ಹಿಮ್ಮುಖವಾಗಿ ನೀರು ನುಗ್ಗಿಸಿ. ಗಾಳಿಯೂ ಹೋಗುತ್ತದೆ, ಕಸವೂ ಹೋಗುತ್ತದೆ.

ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ

ಗೋಡೆಯ ಅಂಕಿ 36ರಿಂದ 40, 46, 55 ಅಂತ ಏರುತ್ತಿದ್ದರೆ ಒಂದೋ ಬಾಯಿ ಕಟ್ಟುತ್ತಿದೆ, ಇಲ್ಲವೇ ಒರತೆಯೇ ಸೊರಗುತ್ತಿದೆ. ಬಕೆಟನ್ನು ಗುಡ್ಡಕ್ಕೇ ಒಯ್ದು ಒರತೆಯ ನೀರಷ್ಟನ್ನೂ ಹಿಡಿದು ನೋಡಿ. ಅಲ್ಲಿ 30, ಮನೆಯಲ್ಲಿ 90 ಅಂದರೆ ಲೈನಿನ ದೋಷ. ಎರಡೂ ಕಡೆ 90 ಅಂದರೆ ರಿಪೇರಿ ಮಾಡಲು ಏನೂ ಇಲ್ಲ. 90 ಸೆಕೆಂಡಿನ ಲೈನು ಕೂಡ ಗಂಟೆಗೆ 400 ಲೀಟರ್ ಕೊಡುತ್ತದೆ. ರಾತ್ರಿಯ ನೀರು ಹಿಡಿಯಲು ಇನ್ನೊಂದು ಟ್ಯಾಂಕು ಇಟ್ಟರೆ ಒಂದು ಮನೆಗೆ ಧಾರಾಳ. ಜಾಸ್ತಿ ಬರಲಿ ಅಂತ ಒರತೆಯ ಕಣ್ಣಿಗೆ ಹಾರೆ ಹಾಕಬೇಡಿ. ಜಂಬಿಟ್ಟಿಗೆಯ ಸಂದಿ ಅಲುಗಿದರೆ ನೀರು ಬೇರೆ ದಾರಿ ಹಿಡಿಯುತ್ತದೆ. ಪಕ್ಕದ ಮನೆಯವರು ಒಂದು ಸಲ ಹಾಗೆ ಮಾಡಿ ಈಗ ಬೋರಿಗೆ ದುಡ್ಡು ಹೊಂದಿಸುತ್ತಿದ್ದಾರೆ.

ಬಾಯಿ ಕಟ್ಟಿದ್ದರೆ ಜಾಲರಿ ತೆಗೆದು ತೊಳೆಯಿರಿ. ಪೈಪಿನ ತುದಿಗೆ ನೇರ ಸೊಳ್ಳೆ ಪರದೆ ಕಟ್ಟಿದರೆ ನಾಲ್ಕು ಎಲೆ ಬಿದ್ದರೂ ಮುಚ್ಚಿತು. ಮೊಳದುದ್ದದ ದಪ್ಪ ಪೈಪಿಗೆ ತುಂಬಾ ತೂತು ಕೊರೆದು, ಅದರ ಸುತ್ತ ಪರದೆ ಸುತ್ತಿ, ಹೊರಗೆ ಒಂದು ಹಳೇ ಬಿದಿರು ಬುಟ್ಟಿ ಮುಚ್ಚಿ. ದರಕು ಬುಟ್ಟಿಗೆ ತಾಗಿ ನಿಲ್ಲುತ್ತದೆ. ಎಲೆ ಉದುರುವ ಕಾಲ ಮುಗಿಯುವ ತನಕ, ಅಂದರೆ ಮಾರ್ಚ್‌ವರೆಗೆ, ಹದಿನೈದು ದಿನಕ್ಕೊಮ್ಮೆ ಹೋಗಬೇಕು. ಅದಕ್ಕೆ ಅಡ್ಡದಾರಿಯಿಲ್ಲ.

ನೀರು ಕೆಂಪಗಿದೆ, ಮೇಲೆ ಎಣ್ಣೆಯ ಹಾಗೆ ಹೊಳೆಯುತ್ತದೆ

ಒರತೆಯ ಗುಂಡಿಯ ಆ ಹೊಳಪಿಗೆ ಒಂದು ಕಡ್ಡಿ ತಾಗಿಸಿ. ಹಪ್ಪಳ ಮುರಿದ ಹಾಗೆ ಚೂರು ಚೂರಾದರೆ ಕಬ್ಬಿಣದ ಅಂಶ ತಿಂದು ಬೆಳೆಯುವ ಬ್ಯಾಕ್ಟೀರಿಯಾ. ನಮ್ಮ ಕೆಮ್ಮಣ್ಣಿನಲ್ಲಿ ಇದು ಮಾಮೂಲಿ. ಪೈಪಿನೊಳಗೆ ಕೆಂಪು ಲೋಳೆ ಕಟ್ಟುತ್ತದೆ, ಬಟ್ಟೆಗೆ ಕಲೆಯಾಗುತ್ತದೆ, ಅಷ್ಟೇ. ತಗ್ಗಿನ ಜಾಯಿಂಟ್ ಬಿಚ್ಚಿ ಜೋರಾಗಿ ಹರಿಯಬಿಟ್ಟು ತೊಳೆಯಿರಿ. ಕಡ್ಡಿ ತೆಗೆದ ಮೇಲೆ ಹೊಳಪು ಮತ್ತೆ ಕೂಡಿಕೊಂಡರೆ ಅದು ನಿಜವಾದ ಎಣ್ಣೆ. ಮೇಲೆಲ್ಲೋ ಯಂತ್ರದಿಂದ ಸೋರಿರಬೇಕು, ಕುಡಿಯಬೇಡಿ.

ಮಳೆಯಿಲ್ಲದೆ ಬಗ್ಗಡ ಬಂದರೆ ಹಂದಿಯೋ ಕಾಟಿಯೋ ಗುಂಡಿಗೆ ಇಳಿದಿದೆ. ಕೊಳೆತ ವಾಸನೆ ಬಂದರೆ ಏನೋ ಸತ್ತು ಬಿದ್ದಿದೆ. ಟ್ಯಾಂಕು ಪೂರ್ತಿ ಖಾಲಿ ಮಾಡಿ ಉಜ್ಜಿ ತೊಳೆಯಿರಿ. ತಿಳಿನೀರು ತುಂಬಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿಯನ್ನಷ್ಟೇ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ. ಬಗ್ಗಡದ ನೀರಿಗೆ ಪುಡಿ ಹಾಕಿದರೆ ಕೆಲಸ ಮಾಡುವುದಿಲ್ಲ. ಕುಡಿಯುವುದನ್ನು ಮಾತ್ರ ಚಳಿಗಾಲವಿರಲಿ ಬೇಸಿಗೆಯಿರಲಿ ಕುದಿಸಿಯೇ ಕುಡಿಯಿರಿ. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ವಾಂತಿ ಭೇದಿ ಶುರುವಾದರೆ ಲೈನು ಬಿಟ್ಟು ಮೊದಲು ಆಸ್ಪತ್ರೆ ನೋಡಿ. ನೀರು ಸರಿಯಾಗುವ ತನಕ ಪಂಚಾಯ್ತಿ ನಲ್ಲಿಯಿಂದ ಹಿಡಿದುಕೊಳ್ಳಿ. ಅದರಲ್ಲೂ ಬರದಿದ್ದರೆ ನೀರುಗಂಟಿಗೆ ಒಂದು ಫೋನು.

ರಿಪೇರಿ ಮುಗಿದು ನೀರು ಬಿಡುವಾಗ ಕೆಳಗಿನ ವಾಲ್ವ್ ಪೂರ್ತಿ ತೆರೆದಿರಲಿ, ಪೈಪು ನಿಧಾನಕ್ಕೆ ತುಂಬಲಿ. ಮೊದಲ ಹತ್ತು ನಿಮಿಷದ ನೀರು ತೋಟಕ್ಕೆ ಹೋಗಲಿ. ಆಮೇಲೆ ಬಕೆಟ್ ಹಿಡಿಯಿರಿ. ಕಳೆದ ಸಲ ನಮ್ಮದು 38 ಬಂತು. ಎರಡು ಸೆಕೆಂಡು ಎಲ್ಲಿ ಹೋಯಿತು ಅಂತ ಭಾವ ಇನ್ನೂ ಕೇಳುತ್ತಿದ್ದಾರೆ. ನಾಲ್ಕನೇ ರೋಲಿನ ದಿಣ್ಣೆಯ ಮೇಲೆ ನನಗೆ ಅನುಮಾನ ಇದೆ.